ಫ್ರಿಜ್ಜಿನ ಅಯಸ್ಕಾಂತ ಮತ್ತು ಮಾರಿಸ್ ಮೈನರ್

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮ ಮೊಮ್ಮಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಾವಿನಹಣ್ಣಿನ ಆಕಾರದ ಅಯಸ್ಕಾಂತವನ್ನು ಕಿತ್ತು ಜೇಬಿಗೆ ಹಾಕಿಕೊಂಡ. "ಎಲ್ಲಿಗೋ ಅದು?" ಎಂದಳು ಅವನ ಅಜ್ಜಿ. "ತಾತನ ಜೊತೆ ಹಳೇ ಕಾರು ನೋಡೋಕೆ" ಎಂದ. ಆಕೆ ನನ್ನತ್ತ ಒಂದು ನೋಟ ಬೀರಿದಳು. ಆ ನೋಟಕ್ಕೆ ಹದಿನೈದು ವರ್ಷದ ಇತಿಹಾಸವಿದೆ.

ನಿವೃತ್ತನಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ಮನೆಯ ತಾರಸಿ ರಿಪೇರಿಗೆ ಎತ್ತಿಟ್ಟಿದ್ದೆವು. ಅಷ್ಟರಲ್ಲಿ ಒಂದು ಮಾರಿಸ್ ಮೈನರ್ ಕಾರು ಕಣ್ಣಿಗೆ ಬಿತ್ತು. ಕಪ್ಪು ಬಣ್ಣ, ಮುಖ ಕಾಣುವಷ್ಟು ಹೊಳಪು. ಹ್ಯಾಂಡಲ್ ಒಮ್ಮೆ ತಿರುಗಿಸಿದ್ದೇ ಸ್ಟಾರ್ಟ್ ಆಯಿತು. ಬ್ಯಾಂಕಿನಲ್ಲಿ ಬೇರೆಯವರ ಸಾಲದ ಅರ್ಜಿಯನ್ನು ಮೂರು ಸಲ ಓದುತ್ತಿದ್ದವನು ನನ್ನ ಸ್ವಂತ ಕಾರಿನ ಅಡಿಗೆ ಬಗ್ಗಿಯೂ ನೋಡಲಿಲ್ಲ. ಎರಡು ತಿಂಗಳ ಮೇಲೆ ಟೈರ್ ಬದಲಾಯಿಸಲು ಜಾಕ್ ಕೊಟ್ಟೆ. ಜಾಕ್ ಮೇಲೆದ್ದಿತು, ಕಾರು ಏಳಲಿಲ್ಲ! ಟಿಂಕರಿಂಗ್ ಮಾಡುವವರು ಕೆರೆದು ನೋಡಿದರೆ ಬಾಗಿಲ ಕೆಳಗಿನ ಹೊಸ್ತಿಲಿನಲ್ಲಿ ಕಬ್ಬಿಣವೇ ಇಲ್ಲ. ಮಡಚಿ ತುರುಕಿದ ಹಳೆಯ ಪೇಪರು, ಅದರ ಮೇಲೆ ಪುಟ್ಟಿ, ಅದರ ಮೇಲೆ ಆ ಹೊಳಪು. ಕೊನೆಗೆ ಅದನ್ನು ಬಿಡಿಭಾಗಗಳ ಲೆಕ್ಕದಲ್ಲಿ ಮಾರಿದೆ. ಎರಡು ಮಳೆಗಾಲ ನಮ್ಮಾಕೆ ನಡುಮನೆಯಲ್ಲಿ ಬಕೆಟ್ ಇಟ್ಟಳು.

ಮಕ್ಕಳೇ, ಈ ಕಾರು ಎಂಥದ್ದು ಎಂದು ಹೇಳಬೇಕು. 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂತು. ವಿನ್ಯಾಸ ಅಲೆಕ್ ಇಸ್ಸಿಗೊನಿಸ್ ಅವರದು. ಮುಂದೆ ಪುಟಾಣಿ ಮಿನಿ ಕಾರನ್ನು ಮಾಡಿದವರೂ ಅವರೇ. ಮಾದರಿ ಕಾರು ಸಿದ್ಧವಾದ ಮೇಲೆ ಅದು ತೀರಾ ಕಿರಿದಾಗಿದೆ ಅನ್ನಿಸಿ, ಉದ್ದಕ್ಕೆ ಎರಡು ಹೋಳು ಮಾಡಿಸಿದರು. ಹೋಳುಗಳನ್ನು ಸರಿಸಿ ನೋಡಿ, ನಾಲ್ಕು ಇಂಚು ಅಗಲ ಮಾಡಿದರೆ ಸರಿ ಎಂದರು. ಬಾನೆಟ್ಟಿನ ನಡುವೆ ಉದ್ದಕ್ಕೂ ಕಾಣುವ ಚಪ್ಪಟೆ ಪಟ್ಟಿ ಆ ನಾಲ್ಕು ಇಂಚಿನ ಗುರುತು. ಬಂಪರ್‌ಗಳು ಆಗಲೇ ತಯಾರಾಗಿದ್ದವಂತೆ. ಅವನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಿದರು. ನಮ್ಮ ಅಮ್ಮಂದಿರು ಲಂಗಕ್ಕೆ ಬಟ್ಟೆ ಸೇರಿಸಿ ಹೊಲಿಯುತ್ತಿದ್ದ ಹಾಗೆ. ಹತ್ತು ಲಕ್ಷ ಮಾರಾಟವಾದ ಮೊದಲ ಬ್ರಿಟಿಷ್ ಕಾರು ಇದೇ. ನಮ್ಮ ದೇಶದಲ್ಲಿ ಬೇಬಿ ಹಿಂದುಸ್ತಾನ್ ಎಂದು ಓಡಿದ್ದೂ ಇದೇ ಕಾರು.

ಇಂಥವು ಸಿಗುವುದು ಜಾಹೀರಾತಿನಲ್ಲಲ್ಲ. ಯಾವ ಊರಿನ ಯಾವ ಶೆಡ್ಡಿನಲ್ಲಿ ಏನು ನಿಂತಿದೆ ಎಂಬುದು ಹಳೆಯ ಗ್ಯಾರೇಜ್ ಮೇಸ್ತ್ರಿಗಳಿಗೆ ಗೊತ್ತಿರುತ್ತದೆ. ಹಾಸನದ ಅಂಥ ಒಬ್ಬರು ಹೇಳಿದ್ದರಿಂದ ನಾವು ಸಕಲೇಶಪುರದ ಕಡೆಯ ಒಂದು ಕಾಫಿ ತೋಟಕ್ಕೆ ಹೋದೆವು.

ಕಾಫಿ ಮೂಟೆಗಳ ಹಿಂದೆ ಕಾರು ನಿಂತಿತ್ತು. 1953ರದ್ದು. ಮುಂದಿನ ಗಾಜು ನಡುವೆ ಸೀಳಿದಂತೆ ಎರಡು ಭಾಗ; ಒಂದೇ ಗಾಜು ಬಂದದ್ದು 1956ರಲ್ಲಿ. ನಾಲ್ಕೂ ಟೈರು ನೆಲ ಕಚ್ಚಿದ್ದವು, ಸೀಟಿನೊಳಗೆ ಇಲಿಯ ಸಂಸಾರ. ಮೊಮ್ಮಗ ಅಯಸ್ಕಾಂತವನ್ನು ಕರ್ಚೀಫಿನಲ್ಲಿ ಸುತ್ತಿ ಹೊಸ್ತಿಲ ಉದ್ದಕ್ಕೂ ಒತ್ತುತ್ತ ಹೋದ. ಕಬ್ಬಿಣವಿದ್ದರೆ ಹಿಡಿಯುತ್ತದೆ, ದಪ್ಪ ಪುಟ್ಟಿ ಇದ್ದರೆ ಜಾರಿ ಬೀಳುತ್ತದೆ. ಇದಕ್ಕೆ ಅಯಸ್ಕಾಂತ ಬಲಹೀನವಾಗಿದ್ದರೇ ಒಳ್ಳೆಯದು. ಎರಡೇ ಕಡೆ ಬಿತ್ತು. ಈ ಕಾರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ನೆಲ, ಹೊಸ್ತಿಲು, ಮೈ ಎಲ್ಲ ಸೇರಿಯೇ ಬೆನ್ನುಮೂಳೆ. ಮುಂದಿನ ಸೀಟಿನ ಕೆಳಗೊಂದು ಅಡ್ಡತೊಲೆ ಇದೆ. ಮುಂದಿನ ಚಕ್ರಗಳ ಭಾರ ಹೊರುವ ಸರಳುಗಳ ಹಿಂದಿನ ತುದಿ ಕೂರುವುದು ಅಲ್ಲೇ. ಅದು ತುಕ್ಕು ಹಿಡಿದಿದ್ದರೆ ಕೈಮುಗಿದು ಬರಬೇಕು. ಟಾರ್ಚ್ ಹಿಡಿದು ಮಲಗಿ ನೋಡಿದೆ, ಗಟ್ಟಿಯಾಗಿತ್ತು. ಮೇಲೇಳಲು ಮಾತ್ರ ಇಬ್ಬರ ಸಹಾಯ ಬೇಕಾಯಿತು. ಇಂಜಿನ್ ಬಗ್ಗೆ ನಾನು ಚಿಂತಿಸಲಿಲ್ಲ. ಬಿಡಿಭಾಗಗಳು ಇಂದಿಗೂ ಇಂಗ್ಲೆಂಡಿನಲ್ಲಿ ಹೊಸದಾಗಿಯೇ ಸಿಗುತ್ತವೆ, ಬಿಚ್ಚಿ ಜೋಡಿಸಬಹುದು.

ನಂತರ ಆರ್‌ಸಿ ಬುಕ್ಕು ಕೇಳಿದೆ. ಚಾಸಿ ನಂಬರು, ಇಂಜಿನ್ ನಂಬರು ಎರಡೂ ಕಾರಿನೊಂದಿಗೆ ತಾಳೆಯಾದವು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ದಿನಬಳಕೆಗೆ ಓಡಿಸುವಂತಿಲ್ಲ. ಆದರೆ ಬುಕ್ಕಿನಲ್ಲಿದ್ದ ಹೆಸರು ಯಜಮಾನರ ತಂದೆಯದು. ತಂದೆ ಹೋಗಿ ಮೂವತ್ತು ವರ್ಷ ದಾಟಿದೆ, ಮಕ್ಕಳು ನಾಲ್ಕು ಜನ.

"ಮಿಕ್ಕವರು ಸಹಿ ಹಾಕ್ತಾರೆ ಸಾರ್. ಧಾರವಾಡದಲ್ಲಿರೋ ಅಕ್ಕ ಮಾತ್ರ ಹಾಕಲ್ಲ. ಅವಳು ಡ್ರೈವಿಂಗ್ ಕಲಿತದ್ದು ಇದರಲ್ಲೇ. ನೀವು ಅಡ್ವಾನ್ಸ್ ಕೊಟ್ಟು ತಗೊಂಡು ಹೋಗಿ, ಆಮೇಲೆ ನಾನು ಒಪ್ಪಿಸ್ತೀನಿ" ಎಂದರು.

ಅವರು ಹೇಳಿದ ಬೆಲೆ ನಿಜಕ್ಕೂ ಕಡಿಮೆಯಿತ್ತು. ಚೆಕ್‌ಬುಕ್ ಜೇಬಿನಲ್ಲೇ ಇತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಅಕ್ಕನವರನ್ನು ಮೊದಲು ಕೇಳಿ ಎಂದು ಹೇಳಿ, ನನ್ನ ಫೋನ್ ನಂಬರ್ ಬರೆದುಕೊಟ್ಟು ಬಂದೆ. ದಾರಿಯುದ್ದಕ್ಕೂ ಮೊಮ್ಮಗ ಮಾತಾಡಲಿಲ್ಲ.

ಹೋದ ವಾರ ಧಾರವಾಡದಿಂದ ಫೋನ್ ಬಂತು. ಎತ್ತಿದ್ದು ಅವನೇ. ಅವರು ಬೆಲೆಯ ಮಾತೇ ಎತ್ತಲಿಲ್ಲವಂತೆ. ಈ ಕಾರಿಗೆ ತಿರುವಿನಲ್ಲಿ ದೀಪ ಮಿನುಗುವುದಿಲ್ಲ. ಎರಡು ಬಾಗಿಲ ಹಿಂದಿನ ಕಂಬದಿಂದ ಪುಟ್ಟ ಕೈಯೊಂದು ಹೊರಗೆ ಚಾಚುತ್ತದೆ. ಅದನ್ನೇ ಕೇಳಿದರಂತೆ: "ಎಡಗಡೆ ಕೈ ಇನ್ನೂ ಬರುತ್ತೇನಪ್ಪ?"

"ಬಲಗಡೇದು ಉಗುರಲ್ಲಿ ಎತ್ತಿದ್ರೆ ಬರುತ್ತೆ ಅಜ್ಜಿ. ಎಡಗಡೇದು ಸಿಕ್ಕಿಹಾಕ್ಕೊಂಡಿದೆ" ಎಂದನಂತೆ ಇವನು.

"ಅದು ಆಗಲೂ ಹಾಗೇ ಇತ್ತು" ಎಂದು ನಕ್ಕರಂತೆ. ದೀಪಾವಳಿಗೆ ತೋಟಕ್ಕೆ ಬರುತ್ತಾರೆ. ನಮ್ಮನ್ನೂ ಬರಹೇಳಿದ್ದಾರೆ. ಅಯಸ್ಕಾಂತ ಸದ್ಯಕ್ಕೆ ಫ್ರಿಜ್ಜಿನ ಮೇಲೆ ವಾಪಸ್ ಕೂತಿದೆ.