ಹಿಮಕರಡಿಯ ನೆರೆಯಲ್ಲಿ

ಬೇಸಿಗೆಯಲ್ಲಿ ನಡುರಾತ್ರಿಯೂ ಸೂರ್ಯನು ಮುಳುಗದ, ಚಳಿಗಾಲದಲ್ಲಿ ನಡುಹಗಲೂ ಮೂಡದ ನಾಡೊಂದುಂಟು. ನಾರ್ವೆಗೂ ಉತ್ತರಧ್ರುವಕ್ಕೂ ನಡುವೆ ಇರುವ ಸ್ವಾಲ್‌ಬಾರ್ಡ್ ದ್ವೀಪಸಮೂಹವೇ ಅದು. ಅದರಲ್ಲಿ ಹಿರಿದಾದ ದ್ವೀಪ ಸ್ಪಿಟ್ಸ್‌ಬರ್ಗೆನ್. ಕಲ್ಲಿದ್ದಲ ಗಣಿಗಾಗಿ ಹುಟ್ಟಿದ ಲಾಂಗ್‌ಯರ್‌ಬ್ಯೆನ್ ಎಂಬ ಅಲ್ಲಿನ ಪುಟ್ಟ ಪಟ್ಟಣಕ್ಕೆ ಇಂದು ವಿಮಾನದಲ್ಲಿಯೇ ಹೋಗಿ ಇಳಿಯಬಹುದು. ಹಿಮನದಿಯ ಮೇಲೆ ನಡಿಗೆ, ನಾಯಿಗಳೆಳೆಯುವ ಜಾರುಬಂಡಿ, ತೇಲುವ ಮಂಜುಗಡ್ಡೆಗಳ ನಡುವೆ ದೋಣಿವಿಹಾರ, ಎಲ್ಲವೂ ಪ್ರವಾಸಿಗೆ ದೊರೆಯುತ್ತವೆ. ಬೇಸಿಗೆಯಲ್ಲಿ ಹಿಮ ಕರಗಿದರೆ ಅವೇ ನಾಯಿಗಳು ಗಾಲಿಬಂಡಿಯನ್ನು ಎಳೆಯುತ್ತವೆ.

ಆದರೆ ಅಲ್ಲಿ ಪ್ರವಾಸಿಗೆ ಕಲಿಸುವ ಮೊದಲ ಪಾಠ ಎಚ್ಚರದ್ದು. ಊರ ಗಡಿಯನ್ನು ದಾಟುವವರು ಹಿಮಕರಡಿಯನ್ನು ಬೆದರಿಸಿ ಅಟ್ಟುವ ಸಾಧನವನ್ನು ಒಯ್ಯಲೇಬೇಕು. ಜೊತೆಗೆ ಬಂದೂಕೂ ಇರುವುದು ರೂಢಿ. ಹಾಗೆಂದು ಗುಂಡು ಹಾರಿಸುವ ಅಧಿಕಾರ ಸಿಕ್ಕಿತೆಂದು ಭಾವಿಸಬಾರದು. 1973ರಿಂದ ಅಲ್ಲಿ ಕರಡಿಯ ಬೇಟೆ ನಿಷಿದ್ಧ. ಪ್ರಾಣರಕ್ಷಣೆಗಾಗಿ ಕೊಂದರೂ ವಿಚಾರಣೆ ತಪ್ಪದು. 2025ರಲ್ಲಿ ಜಾರಿಗೆ ಬಂದ ನಿಯಮದಂತೆ ಕರಡಿಯಿಂದ 300 ಮೀಟರು ದೂರವಿರಬೇಕು. ಮಾರ್ಚಿಯಿಂದ ಜೂನ್‌ವರೆಗೆ 500 ಮೀಟರು. ತಾಯಿಕರಡಿಗಳು ಮರಿಗಳೊಡನೆ ಹೊರಬಂದು ಬೇಟೆಯಾಡುವ ಕಾಲವದು. ಅಲ್ಲಿ ಮನೆಯೊಡೆಯ ಕರಡಿ, ಅತಿಥಿ ಮನುಷ್ಯ.

ಈ ಎಚ್ಚರವನ್ನು ಬದಿಗಿಟ್ಟವರ ಕಥೆಯೊಂದಿದೆ. ಸ್ವೀಡನ್ನಿನ ಆಂದ್ರೆ ಎಂಬ ಎಂಜಿನಿಯರು ಬೆಲೂನಿನಲ್ಲಿ ಉತ್ತರಧ್ರುವವನ್ನು ತಲಪಲು ಹೊರಟನು. 1896ರಲ್ಲಿ ಗಾಳಿ ಅನುಕೂಲವಾಗದೆ ಹಿಂದಿರುಗಿದನು. ಬೆಲೂನಿನಿಂದ ಅನಿಲ ಸೋರುತ್ತಿರುವುದನ್ನು ಅಳೆದು ನೋಡಿದ್ದ ಏಕ್‌ಹೋಲ್ಮ್ ಎಂಬ ಸಂಗಡಿಗನು ಮುಂದಿನ ಯಾತ್ರೆಗೆ ಒಲ್ಲೆನೆಂದನು. ಆದರೆ ಇಡೀ ದೇಶವೇ ಕಾದು ನೋಡುತ್ತಿರುವಾಗ ಆಂದ್ರೆ ಹಿಂಜರಿಯುವುದೆಂತು? 1897ರ ಜುಲೈ 11ರಂದು ಇಬ್ಬರು ತರುಣರೊಡನೆ ಅವನು ಇದೇ ದ್ವೀಪಗಳಿಂದ ಮೇಲೇರಿದನು. ಮೂರೇ ದಿನಗಳಲ್ಲಿ ಬೆಲೂನು ಮಂಜಿನ ಮೇಲೆ ಇಳಿಯಿತು. ಮೂವರೂ ತಿಂಗಳುಗಟ್ಟಲೆ ನಡೆದು ಒಂದು ನಿರ್ಜನ ದ್ವೀಪವನ್ನು ಸೇರಿ ಅಲ್ಲಿಯೇ ಮಡಿದರು. ಅವರ ಅವಶೇಷಗಳೂ ದಿನಚರಿಗಳೂ ಲೋಕಕ್ಕೆ ಸಿಕ್ಕಿದ್ದು 1930ರಲ್ಲಿ. ಒಡನಿದ್ದ ಫಿಲ್ಮನ್ನು ತೊಳೆದಾಗ, ಮಂಜಿನ ಮೇಲೆ ಕೆಡೆದ ಬೆಲೂನನ್ನು ನಿಂತು ನೋಡುತ್ತಿರುವವರ ಚಿತ್ರ ಮೂಡಿತು!

ಇದಕ್ಕೆ ಪ್ರತಿಯಾಗಿ ಒಬ್ಬ ಗೃಹಿಣಿಯ ವೃತ್ತಾಂತವನ್ನು ಕೇಳಿ. ಆಸ್ಟ್ರಿಯಾದ ಚಿತ್ರಕಲಾವಿದೆ ಕ್ರಿಸ್ತಿಯಾನೆ ರಿಟ್ಟರ್ 1934ರಲ್ಲಿ ಬೇಟೆಗಾರನಾದ ಪತಿಯ ಕರೆಗೆ ಓಗೊಟ್ಟು ಸ್ಪಿಟ್ಸ್‌ಬರ್ಗೆನ್‌ನ ಉತ್ತರ ತೀರಕ್ಕೆ ಬಂದಳು. ವಾಸಕ್ಕೆ ಇಕ್ಕಟ್ಟಾದ ಒಂದು ಗುಡಿಸಲು, ಅದರಲ್ಲೊಂದು ಒಲೆ. ಗಂಡಸರು ಬೇಟೆಗೆ ಹೋಗಿದ್ದಾಗ ಎದ್ದ ಬಿರುಗಾಳಿಯಲ್ಲಿ ಹಲವು ದಿನ ಒಬ್ಬಳೇ ಇದ್ದಳು. ಒಲೆ ಆರದಂತೆ ನೋಡಿಕೊಳ್ಳುವುದು, ಬಾಗಿಲನ್ನು ಮುಚ್ಚುವ ಹಿಮವನ್ನು ತೋಡಿ ತೆಗೆಯುವುದು, ಇವೇ ಅವಳ ಸಾಹಸಗಳು. ಕತ್ತಲಿರಲಿ, ಗಾಳಿಯಿರಲಿ, ದಿನಕ್ಕೊಮ್ಮೆ ಹೊರಗೆ ನಡೆಯಲೇಬೇಕೆಂಬುದು ಆ ನಾಡಿನ ಬೇಟೆಗಾರರ ಹಳೆಯ ಬುದ್ಧಿವಾದ. ಮರುವರ್ಷ ಊರಿಗೆ ಮರಳಿ ಅವಳು ಬರೆದ ಪುಸ್ತಕವನ್ನು ಜನ ಇಂದಿಗೂ ಓದುತ್ತಾರೆ. 103 ವರ್ಷ ಬಾಳಿ 2000ದಲ್ಲಿ ತೀರಿಕೊಂಡಳು.

ಇಬ್ಬರಲ್ಲಿ ಸಾಹಸಿ ಯಾರೆಂಬುದನ್ನು ಓದುಗರೇ ನಿರ್ಧರಿಸಲಿ. ಹಿಂದಿರುಗಲು ಬೇಕಾದುದನ್ನೆಲ್ಲ ಹೊರಡುವ ಮೊದಲೇ ಯೋಚಿಸುವವನನ್ನು ಅಂಜುಬುರುಕನೆಂದು ಹಳಿಯುವುದಂತೂ ಸಲ್ಲದು. 2008ರಿಂದ ಆ ದ್ವೀಪದಲ್ಲಿ 'ಹಿಮಾದ್ರಿ' ಎಂಬ ಭಾರತದ ಸಂಶೋಧನಾಕೇಂದ್ರವೂ ಇದೆ. ಅಲ್ಲಿಗೆ ಹೋಗುವ ನಮ್ಮ ವಿಜ್ಞಾನಿಗಳಿಗೂ ಕರಡಿಯ ಎಚ್ಚರಿಕೆ ತಪ್ಪಿದ್ದಲ್ಲ.

ತಿಂಗಳುಗಳ ಕತ್ತಲು ಕಳೆದು, ಬೆಟ್ಟಗಳ ಮರೆ ದಾಟಿ, ಮಾರ್ಚಿ 8ರ ಸುಮಾರಿಗೆ ಲಾಂಗ್‌ಯರ್‌ಬ್ಯೆನ್‌ನ ಹಳೆಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿಸಿಲು ಬೀಳುತ್ತದೆ. ಮಕ್ಕಳು, ಹಿರಿಯರು ಎಲ್ಲರೂ ಅಲ್ಲಿ ನೆರೆದು ಸೂರ್ಯನನ್ನು ಕೂಗಿ ಕರೆಯುತ್ತಾರೆ. ದಿನವೂ ಅವನನ್ನು ಕಾಣುವ ನಾವು ಎಂದಾದರೂ ಹಾಗೆ ಕರೆದುದುಂಟೆ?