ಬೆಟ್ಟದ ಮಾರ್ದನಿ, ಮನೆಯ ವೈಫೈ

ಹನೂರು ದಾಟಿ ಮಲೆಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಪರಿಸೆಯ ಜನ ಘಾಟಿಯಲ್ಲಿ ‘ಉಘೇ ಮಾದಪ್ಪ’ ಎಂದು ಕೂಗುತ್ತಾರೆ. ಎದುರಿನ ಬೆಟ್ಟವೂ ಕೂಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, 170 ಮೀಟರ್ ಆಚೆಯ ಬಂಡೆಯಿಂದ ಮಾರ್ದನಿ ಮರಳಲು ಒಂದು ಸೆಕೆಂಡ್ ಬೇಕು. ಒಂದೊಂದೇ ಪದ ಬಿಡಿಸಿ ಕೂಗಿದರೆ ಕೂಗು ಬೇರೆ, ಮಾರ್ದನಿ ಬೇರೆ. ಬಡಬಡನೆ ಮಾತಾಡಿದರೆ ಹಿಂದಿನ ಪದದ ಮಾರ್ದನಿ ಮುಂದಿನ ಪದದ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ!

ರೇಡಿಯೊ ಅಲೆಗಳ ಕಥೆಯೂ ಇಷ್ಟೇ. ಆಂಟೆನಾ ಟಿ.ವಿ.ಯ ಕಾಲದಲ್ಲಿ ಬೆಟ್ಟದ ಸೀಮೆಯ ಮನೆಗಳಲ್ಲಿ, ಪರದೆಯ ಮೇಲೆ ವಾರ್ತೆ ಓದುವವರ ಪಕ್ಕ ಅವರದೇ ನೆರಳು ಕೂತಿರುತ್ತಿತ್ತು. ಬೆಟ್ಟಕ್ಕೆ ಬಡಿದು ತಡವಾಗಿ ಬಂದ ಅಲೆಯ ಕೆಲಸ ಅದು. ಈಗ ಅದೇ ತೊಂದರೆ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಗೂ, ಯಳಂದೂರಿನ ಅಂಗಡಿಗೂ ಬಂದಿದೆ. ವೈಫೈ ಪೆಟ್ಟಿಗೆಯ ಅಲೆ ಮೊಬೈಲನ್ನು ನೇರವಾಗಿಯೂ ಸೇರುತ್ತದೆ. ಗೋಡೆ, ಕಬ್ಬಿಣದ ಬೀರು, ರೋಲಿಂಗ್ ಷಟರ್‌ಗೆ ಬಡಿದು ಸುತ್ತಿ ಬಳಸಿಯೂ ಸೇರುತ್ತದೆ. ಮೂರು ಮೀಟರ್ ಸುತ್ತಿದರೆ ಸೆಕೆಂಡಿನ 10 ಕೋಟಿಯಲ್ಲಿ ಒಂದು ಭಾಗದಷ್ಟು ತಡ.

ಇಷ್ಟು ಅಲ್ಪ ತಡಕ್ಕೆ ತಲೆ ಕೆಡಿಸಿಕೊಳ್ಳಬೇಕೆ? ನಿಧಾನವಾಗಿ ಕಳುಹಿಸುವಾಗ ಬೇಡ. ಆದರೆ ಒಂದು ಕೊಠಡಿಯೊಳಗಿನ ಬಳಕೆಗಾಗಿ 2012ರಲ್ಲಿ ಬಂದ 60 ಗಿಗಾಹರ್ಟ್ಸ್ ವೈಫೈ ಸೆಕೆಂಡಿಗೆ 176 ಕೋಟಿ ಚಿಹ್ನೆ ಕಳುಹಿಸಬಲ್ಲದು. ಒಂದು ಚಿಹ್ನೆ ಮುಗಿಯುವಷ್ಟರಲ್ಲಿ ಅಲೆ ಸಾಗುವುದು ಕೇವಲ 17 ಸೆಂ.ಮೀ., ಒಂದು ಗೇಣೂ ಇಲ್ಲ! ಮೂರು ಮೀಟರ್ ಸುತ್ತಿದ ಮಾರ್ದನಿ ಹದಿನೇಳು ಚಿಹ್ನೆಗಳಾಚೆ ಹೋಗಿ ಬೀಳುತ್ತದೆ.

ಇದನ್ನು ಬಿಡಿಸುವುದೇ ಈಕ್ವಲೈಸರ್. ಉಕ್ತಲೇಖನಕ್ಕೆ ಮೊದಲು ಮೇಷ್ಟ್ರು ಎಲ್ಲರಿಗೂ ಬಾಯಿಪಾಠವಾದ ಎರಡರ ಮಗ್ಗಿ ಹೇಳಿದರೆಂದುಕೊಳ್ಳೋಣ. ಹೇಳಿದ್ದು ಏನೆಂದು ಮಕ್ಕಳಿಗೆ ಮೊದಲೇ ಗೊತ್ತು. ಕಿವಿಗೆ ಬಿದ್ದದ್ದರಲ್ಲಿ ಹೆಚ್ಚಿಗೆ ಇರುವುದೆಲ್ಲ ಕೊಠಡಿಯ ಮಾರ್ದನಿ. ಅದನ್ನು ಅಳೆದುಕೊಂಡರೆ ಮುಂದಿನ ಪಾಠದಿಂದ ಕಳೆಯಬಹುದು. ರಿಸೀವರೂ ಹಾಗೆಯೇ ಗೊತ್ತಿರುವ ಚಿಹ್ನೆಗಳ ಸರಣಿಯಿಂದ ಕಲಿಯುತ್ತದೆ. ದೂರವಾಣಿ ತಂತಿಯ ಮೋಡೆಮ್‌ಗೆ ತಾನಾಗಿ ಹೊಂದಿಕೊಳ್ಳುವ ಇಂಥ ವಿಧಾನವನ್ನು 1965ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಲಕ್ಕಿ ಪ್ರಕಟಿಸಿದರು.

ಕಲಿಕೆ ಬೇಗ ಮುಗಿಯಬೇಕು, ಏಕೆಂದರೆ ಮಗ್ಗಿ ಹೇಳುವಷ್ಟು ಹೊತ್ತು ಪಾಠ ನಡೆಯುವುದಿಲ್ಲ. ಯಾರಾದರೂ ಎದ್ದು ಓಡಾಡಿದರೂ ಅಲೆಯ ದಾರಿ ಬದಲಾಗಿ ಹೊಸದಾಗಿ ಕಲಿಯಬೇಕು. 1999ರ ಒಂದು ವೈಫೈ ಮಾನಕ ಪ್ರತಿ ಪ್ಯಾಕೆಟ್ಟಿನ ಆರಂಭದಲ್ಲಿ ಇದಕ್ಕೆ ಕೊಟ್ಟ ಸಮಯ 16 ಮೈಕ್ರೊಸೆಕೆಂಡ್. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಬಾರಿ ಕಲಿಯಬಹುದು.

ಆದರೂ ಮೊಬೈಲಿನಲ್ಲಿ ಗೆರೆಗಳೆಲ್ಲ ತುಂಬಿದ್ದು, ದೂರದ ಮಗನ ವಿಡಿಯೊ ಕರೆ ತುಂಡಾಗುವುದುಂಟು. ಮಾರ್ದನಿಯೂ ಅದಕ್ಕೊಂದು ಕಾರಣ. ಗೆರೆಗಳು ಹೇಳುವುದು ಅಲೆಯ ಬಲವನ್ನು, ಸ್ಪಷ್ಟತೆಯನ್ನಲ್ಲ. ದುಡ್ಡು ಸುರಿದು ಬೂಸ್ಟರ್ ತಂದರೆ ಮಾರ್ದನಿಯೂ ಬಲವಾಗುತ್ತದೆ. ನೇರ ಅಲೆ, ಮಾರ್ದನಿ ಎರಡೂ ಒಂದನ್ನೊಂದು ನುಂಗಿದ ಜಾಗದಲ್ಲಿ ಈಕ್ವಲೈಸರ್ ಹಿಗ್ಗಿಸುವುದು ಬರೀ ಗದ್ದಲವನ್ನು. ಮನೆಯ 2.4 ಗಿಗಾಹರ್ಟ್ಸ್ ವೈಫೈ ಅಲೆಯ ಉದ್ದ ಸುಮಾರು 12 ಸೆಂ.ಮೀ. ಹೀಗಾಗಿ ಪೆಟ್ಟಿಗೆಯನ್ನು ಬೀರುವಿನ ಮೂಲೆಯಿಂದ ತೆಗೆದು ಅತ್ತಿತ್ತ ಒಂದು ಗೇಣು ಸರಿಸಿ ನೋಡುವುದು ಮೊದಲು, ಅಂಗಡಿಗೆ ಹೋಗುವುದು ಆಮೇಲೆ. ಬೆಟ್ಟದಲ್ಲೂ ಅಷ್ಟೇ: ಮಾತು ತಿಳಿಯದಿದ್ದರೆ ಇನ್ನೂ ಜೋರಾಗಿ ಕೂಗುವುದಕ್ಕಿಂತ ನಾಲ್ಕು ಹೆಜ್ಜೆ ಸರಿದು ನಿಲ್ಲುವುದು ಲೇಸು.