ಮುಪ್ಪಿಗೆ ಆಸರೆಯಾಗಲಿ ಮೆಲುಯೋಗ

ಪ್ರತಿವರ್ಷ ಜೂನ್ 21ರ ಬೆಳಿಗ್ಗೆ ಜಿಲ್ಲಾ ಕೇಂದ್ರಗಳ ಮೈದಾನಗಳು ಸಿಂಗಾರಗೊಳ್ಳುತ್ತವೆ. ಸಮವಸ್ತ್ರ ತೊಟ್ಟ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ, ಅಧಿಕಾರಿಗಳು ಮುಂದಿನ ಚಾಪೆಗಳನ್ನು ಹಿಡಿಯುತ್ತಾರೆ, ಗಂಟೆಯೊಪ್ಪತ್ತಿನಲ್ಲಿ ಎಲ್ಲ ಮುಗಿದು ಮೈದಾನ ಬರಿದಾಗುತ್ತದೆ. ವಿಶ್ವಸಂಸ್ಥೆಯ ಮಹಾಸಭೆ 2014ರ ಡಿಸೆಂಬರ್ 11ರಂದು ಅಂಗೀಕರಿಸಿದ ನಿರ್ಣಯದಂತೆ 2015ರಿಂದ ನಡೆದುಬಂದಿರುವ ಈ ಆಚರಣೆ ಯೋಗಕ್ಕೆ ಜಗತ್ತಿನ ಮನ್ನಣೆ ತಂದಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಾಲುಗಳಲ್ಲಿ ಸಾಮಾನ್ಯವಾಗಿ ಕಾಣದ ಮುಖಗಳೆಂದರೆ ಹಳ್ಳಿಯ ವೃದ್ಧರದು. ಮೈ ಬಾಗದ, ಕೂತರೆ ಏಳಲು ಗೋಡೆ ಹಿಡಿಯಬೇಕಾದ ಈ ಜನರಿಗೆ ಯೋಗದ ಅಗತ್ಯ ಎಲ್ಲರಿಗಿಂತ ಹೆಚ್ಚು. ಯೋಗ ತಮ್ಮದಲ್ಲ ಎಂದು ಭಾವಿಸಿರುವವರೂ ಅವರೇ.

ಕೊಪ್ಪಳ ಜಿಲ್ಲೆಯನ್ನೇ ಉದಾಹರಣೆಯಾಗಿ ನೋಡಬಹುದು. ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದ ಈ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ 13.9 ಲಕ್ಷ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿ ಸೀಮೆ ಒಂದೆಡೆ, ಮುಗಿಲು ನೋಡಿ ಬಿತ್ತುವ ಕುಷ್ಟಗಿ, ಯಲಬುರ್ಗಾದ ಬೆದ್ದಲು ಭೂಮಿ ಇನ್ನೊಂದೆಡೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಯುವ ವಯಸ್ಸಿನವರು ಬೆಂಗಳೂರು, ಗೋವಾ ಕಡೆ ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಅಜ್ಜ, ಅಜ್ಜಿ ಮತ್ತು ಅವರ ವಶಕ್ಕೆ ಬಿಟ್ಟುಹೋದ ಮೊಮ್ಮಕ್ಕಳು. ಇಂಥ ಮನೆಯಲ್ಲಿ ಅಜ್ಜಿಯ ಮೊಣಕಾಲು ಗಟ್ಟಿಯಿರುವುದು ಅವಳೊಬ್ಬಳ ಆರೋಗ್ಯದ ಸಂಗತಿಯಲ್ಲ. ಅವಳು ಹಾಸಿಗೆ ಹಿಡಿದರೆ ಒಲೆ ಹೊತ್ತುವುದಿಲ್ಲ. ಮಗುವಿನ ಶಾಲೆ ತಪ್ಪುತ್ತದೆ. ದೂರದ ಕಟ್ಟಡದ ಕೆಲಸ ಬಿಟ್ಟು ಮಗ ಊರಿಗೆ ಮರಳಬೇಕಾಗುತ್ತದೆ.

‘ಜೀವಮಾನವೆಲ್ಲ ಹೊಲದಲ್ಲಿ ದುಡಿದವರಿಗೆ ವ್ಯಾಯಾಮವೇಕೆ’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ದುಡಿಮೆ ಮೈಯನ್ನು ಬಳಸುತ್ತದೆ ನಿಜ, ಆದರೆ ಒಂದೇ ರೀತಿಯಲ್ಲಿ ಬಳಸುತ್ತದೆ. ಗಂಗಾವತಿಯ ಕೆಸರುಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡಿದ ಹೆಣ್ಣುಮಗಳ ಟೊಂಕ, ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆದವಳ ಮೊಣಕಾಲು, ಚೀಲ ಹೊತ್ತವನ ಕುತ್ತಿಗೆ ಇವೆಲ್ಲ ಮತ್ತೆ ಮತ್ತೆ ಅದೇ ಭಾರಕ್ಕೆ ಸವೆದಿರುತ್ತವೆ. ಬಾಗಿದ ಬೆನ್ನನ್ನು ಎದುರು ದಿಕ್ಕಿಗೆ ಹಿಗ್ಗಿಸುವ, ಒಂಟಿ ಕಾಲಿನ ಮೇಲೆ ಸಮತೋಲ ಸಾಧಿಸುವ, ಉಸಿರನ್ನು ನಿಧಾನಗೊಳಿಸುವ ಅಭ್ಯಾಸ ಕೂಲಿಯ ಬದುಕಿನಲ್ಲಿ ಸಿಕ್ಕಿರುವುದಿಲ್ಲ. ದುಡಿಮೆ ನಿಂತ ಮೇಲಂತೂ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕೂತೇ ದಿನ ಕಳೆಯುವುದರಿಂದ ಉಳಿದ ಸ್ನಾಯುಬಲವೂ ಬೇಗ ಕರಗುತ್ತದೆ.

ಮುಪ್ಪಿನಲ್ಲಿ ನಿಜವಾದ ಶತ್ರು ಬೀಳುವಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 65 ದಾಟಿದವರಲ್ಲಿ ಪ್ರತಿವರ್ಷ ಶೇ 28ರಿಂದ 35ರಷ್ಟು ಮಂದಿ ಒಮ್ಮೆಯಾದರೂ ಬೀಳುತ್ತಾರೆ. ತೊಡೆಯ ಮೂಳೆ ಮುರಿದ ವೃದ್ಧರಲ್ಲಿ ಅನೇಕರು ಮೊದಲಿನಂತೆ ನಡೆಯುವುದೇ ಇಲ್ಲ. ಬಿದ್ದೇನೆಂಬ ಭಯ ಇನ್ನೂ ದೊಡ್ಡದು: ಅದರಿಂದ ಅವರು ಮನೆಯಾಚೆ ಹೋಗುವುದನ್ನು ಬಿಡುತ್ತಾರೆ, ಬಿಟ್ಟಷ್ಟೂ ಕಾಲು ಸೋಲುತ್ತದೆ, ಸೋತಷ್ಟೂ ಬೀಳುವ ಅಪಾಯ ಹೆಚ್ಚುತ್ತದೆ. ಈ ಸುಳಿಯನ್ನು ತಡೆಯಲು ಮಾರ್ಗವಿದೆ. 108 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ, ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ 23ರಷ್ಟು ತಗ್ಗುತ್ತದೆ ಎಂದು ತೋರಿಸಿತು. ಸಮತೋಲನ ಮತ್ತು ಸ್ನಾಯುಬಲಕ್ಕೆ ಒತ್ತು ಕೊಡುವ ಚಟುವಟಿಕೆಯನ್ನು ಹಿರಿಯರು ವಾರಕ್ಕೆ ಮೂರು ದಿನವಾದರೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ.

ಇಲ್ಲಿ ಯೋಗದ ಪಾತ್ರವನ್ನು ಅತಿಶಯೋಕ್ತಿಯಿಲ್ಲದೆ ಹೇಳುವುದು ಒಳಿತು. ಅರವತ್ತು ದಾಟಿದವರ ಸಮತೋಲನವನ್ನೂ ನಡಿಗೆಯ ಸರಾಗತೆಯನ್ನೂ ಯೋಗಾಸನಗಳು ಸುಧಾರಿಸುತ್ತವೆ ಎಂಬುದಕ್ಕೆ ಆಧಾರಗಳಿವೆ. ಆದರೆ ಯೋಗವೊಂದರಿಂದಲೇ ಬೀಳುವಿಕೆ ಎಷ್ಟು ತಗ್ಗುತ್ತದೆ ಎಂಬುದಕ್ಕೆ ಅಷ್ಟೇ ಖಚಿತವಾದ ಉತ್ತರ ದೊರೆತಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಅದು ಔಷಧಿಯ ಜೊತೆಗಾರನಾಗಬಹುದೇ ಹೊರತು ಔಷಧಿಯ ಬದಲಿಯಾಗದು. ಹೀಗೆ ಮಿತಿ ಅರಿತು ಹೇಳಿದ ಮಾತಿಗೆ ಹಿರಿಯರೂ ವೈದ್ಯರೂ ಕಿವಿಗೊಡುತ್ತಾರೆ.

ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಈ ಎಚ್ಚರ ಇನ್ನೂ ಅವಶ್ಯಕ. ಇಲ್ಲಿನ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಇಂಥ ನೀರನ್ನು ದಶಕಗಳ ಕಾಲ ಕುಡಿದವರಲ್ಲಿ ಹಲ್ಲು ಕಂದುಗಟ್ಟುವುದಷ್ಟೇ ಅಲ್ಲ, ಕೀಲು, ಬೆನ್ನುಮೂಳೆ ಬಿಗಿದು ಸೊಂಟ ತಿರುಗದಂತಾಗುವುದೂ ಉಂಟು. ಅಸ್ಥಿರಜ್ಜುಗಳು ಸುಣ್ಣಗಟ್ಟಿದ ಇಂಥ ದೇಹವನ್ನು ಬಲವಂತವಾಗಿ ಬಾಗಿಸುವುದು ಅಪಾಯಕರ. ಯೋಗದಿಂದ ಫ್ಲೋರೋಸಿಸ್ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಅದಕ್ಕೆ ಮದ್ದು ಶುದ್ಧ ಕುಡಿಯುವ ನೀರು. ಅದನ್ನು ಕೊಡುವುದು ಸರ್ಕಾರದ ಹೊಣೆ. ಯೋಗದ ಹೆಸರಿನಲ್ಲಿ ಆ ಹೊಣೆಯಿಂದ ನುಣುಚಿಕೊಳ್ಳಲು ಯಾರಿಗೂ ಅವಕಾಶವಾಗಬಾರದು. ನೋವಿನಿಂದ ಬಿಗಿದ ಮೈಗೆ ಇದ್ದಷ್ಟು ಚಲನೆಯನ್ನು ಉಳಿಸಿಕೊಳ್ಳಲು ವೈದ್ಯರ ಸಲಹೆಯಂತೆ ಮಾಡುವ ಮೆಲ್ಲನೆಯ ಅಂಗಚಾಲನೆ ನೆರವಾಗಬಹುದು, ಅಷ್ಟೆ.

ಮುದುಕರಿಗೆ ತಕ್ಕ ಯೋಗ ಹೊರಗಿನಿಂದ ತರಬೇಕಾದುದೇನೂ ಅಲ್ಲ. ಅದು ಕರ್ನಾಟಕದ ಮಣ್ಣಿನದೇ ಬೆಳೆ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಹುಡುಗರನ್ನು ಕಸರತ್ತಿನ ಆಸನಗಳಲ್ಲಿ ಪಳಗಿಸಿದರು. ಮುಂದೆ ಮದರಾಸಿನಲ್ಲಿ ಅವರ ಒಲವು ಬದಲಾಯಿತು: ವ್ಯಕ್ತಿಯ ವಯಸ್ಸು, ಕಾಯಿಲೆ, ಶಕ್ತಿ ನೋಡಿ ಅಭ್ಯಾಸವನ್ನೇ ಮಾರ್ಪಡಿಸಿ ಕಲಿಸತೊಡಗಿದರು. ಅವರ ಶಿಷ್ಯರಾದ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರು ಬೆಲ್ಜಿಯಂನ ರಾಣಿ ಎಲಿಸಬೆತ್‌ಗೆ ಎಂಬತ್ತರ ಇಳಿವಯಸ್ಸಿನಲ್ಲಿ ಶೀರ್ಷಾಸನ ಕಲಿಸಿದ್ದು ಹೆಸರಾಯಿತು. ಅದು ಅಪವಾದ, ಅನುಕರಿಸಬೇಕಾದುದಲ್ಲ. ಅಯ್ಯಂಗಾರ್ ಹಿರಿಯರಿಗೆ ಕೊಟ್ಟ ನಿಜವಾದ ಕೊಡುಗೆ ಕುರ್ಚಿ, ಹಗ್ಗ, ಮರದ ಇಟ್ಟಿಗೆ, ಮಡಿಸಿದ ಕಂಬಳಿ. ಬಾಗದ ಮೈಯನ್ನು ಆಸನಕ್ಕೆ ಒಗ್ಗಿಸುವ ಬದಲು ಆಸನವನ್ನೇ ಮೈಗೆ ಒಗ್ಗಿಸಲು ಈ ಸಾಧನಗಳು ದಾರಿ ಮಾಡಿದವು. ಇವುಗಳಲ್ಲಿ ಹಳ್ಳಿಯ ಮನೆಯಲ್ಲಿ ಸಿಗದ ವಸ್ತು ಯಾವುದೂ ಇಲ್ಲ.

ಕ್ರಮವೂ ಸರಳ. ಗೋಡೆಗೆ ಆತು ನಿಂತು ಮಾಡುವ ತಾಡಾಸನ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ಅಭ್ಯಾಸ, ಕುಳಿತಲ್ಲೇ ಹೆಗಲು, ಕುತ್ತಿಗೆ, ಹಿಮ್ಮಡಿಗಳ ಚಲನೆ, ಕಿಟಕಿಯ ಸರಳು ಹಿಡಿದು ಒಂಟಿ ಕಾಲಲ್ಲಿ ಕೆಲಕ್ಷಣ ನಿಲ್ಲುವುದು, ಕಡೆಗೆ ದೀರ್ಘ ಉಸಿರಾಟ ಮತ್ತು ಶವಾಸನ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಗ್ಲಾಕೋಮಾ ಅಥವಾ ಹತೋಟಿಯಿಲ್ಲದ ರಕ್ತದೊತ್ತಡ ಇರುವವರು ತಲೆಕೆಳಗಾದ ಆಸನಗಳನ್ನೂ ಉಸಿರು ಬಿಗಿಹಿಡಿಯುವ ಕುಂಭಕವನ್ನೂ ಬಿಡಬೇಕು; ಮೂಳೆ ಸವೆದವರು ಬೆನ್ನು ಬಗ್ಗಿಸಿ ಕಾಲು ಮುಟ್ಟುವ ಹಟ ಮಾಡಬಾರದು; ರಕ್ತದೊತ್ತಡದ ಮಾತ್ರೆ ನುಂಗುವವರು ಮಲಗಿದಲ್ಲಿಂದ ಥಟ್ಟನೆ ಏಳಬಾರದು. ನೋವು ಕಂಡಲ್ಲಿ ನಿಲ್ಲಬೇಕೆಂಬುದು ಮೊದಲ ಪಾಠ.

ಕಲಿಸುವವರಾರು? ಆಯುಷ್ ಇಲಾಖೆಯ ಆರೋಗ್ಯ ಮಂದಿರಗಳಲ್ಲಿ ಅರೆಕಾಲಿಕ ಯೋಗ ಶಿಕ್ಷಕರ ನೇಮಕಕ್ಕೆ ಅವಕಾಶವಿದೆ. ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವೂ ಒಂದೂವರೆ ದಶಕದಿಂದ ಜಾರಿಯಲ್ಲಿದೆ. ಈ ಎರಡೂ ಒಂದನ್ನೊಂದು ಸಂಧಿಸಬೇಕಾದುದು ಗ್ರಾಮದ ಕಟ್ಟೆಯಲ್ಲಿ. ಶಿಕ್ಷಕರು ಕೇಂದ್ರದಲ್ಲಿ ಕೂತು ಕಾಯುವ ಬದಲು ವಾರಕ್ಕೆ ಮೂರು ದಿನ ಸಮುದಾಯ ಭವನಕ್ಕೋ ಶಾಲೆಯ ವರಾಂಡಕ್ಕೋ ಬರಲಿ. ಆಶಾ ಕಾರ್ಯಕರ್ತೆಯರು ರಕ್ತದೊತ್ತಡ ನೋಡಿ ಯಾರಿಗೆ ಏನು ಕೂಡದೆಂದು ಗುರುತು ಹಾಕಲಿ. ಆ ಹೆಚ್ಚಿನ ಕೆಲಸಕ್ಕೆ ಅವರಿಗೆ ಗೌರವಧನವೂ ಸಿಗಲಿ. ಹೆಣ್ಣುಮಕ್ಕಳಿಗೆ ಬೇರೆ ಹೊತ್ತು, ಬೇರೆ ಜಾಗ ಬೇಕಾಗಬಹುದು; ಸೀರೆಯುಟ್ಟೇ ಮಾಡಬಹುದಾದ ಅಭ್ಯಾಸ ರೂಪಿಸಬೇಕು. ಮಂತ್ರ ಹೇಳಲು ಇಷ್ಟವಿಲ್ಲದವರಿಗೆ ಒತ್ತಾಯ ಬೇಡ. ಮಸೀದಿಯಲ್ಲಿ ಕುರ್ಚಿಯ ಮೇಲೆ ಕೂತು ನಮಾಜು ಮಾಡುವ ಅಜ್ಜನ ಮೊಣಕಾಲೂ, ಗುಡಿಯ ಮೆಟ್ಟಿಲ ಬುಡದಲ್ಲೇ ನಿಂತು ಕೈಮುಗಿಯುವ ಅಜ್ಜಿಯ ಮೊಣಕಾಲೂ ಒಂದೇ ಬಗೆಯಲ್ಲಿ ನೋಯುತ್ತವೆ.

ಇದಕ್ಕೆ ಬೇಕಾದ ಖರ್ಚು ದೊಡ್ಡದಲ್ಲ. ಒಂದು ತೊಡೆಮೂಳೆಯ ಶಸ್ತ್ರಚಿಕಿತ್ಸೆಗೂ ಆನಂತರದ ಆರೈಕೆಗೂ ಬಡ ಕುಟುಂಬ ತೆರುವ ಬೆಲೆಯನ್ನು ನೆನೆದರೆ ಕೆಲವು ಕುರ್ಚಿ, ಚಾಪೆಗಳ ಬೆಲೆ ಲೆಕ್ಕಕ್ಕೇ ಬಾರದು. ಕೊರತೆಯಿರುವುದು ಹಣದ್ದಲ್ಲ, ನಿರಂತರತೆಯದು. ವರ್ಷದಲ್ಲಿ ಒಂದು ಬೆಳಗಿನ ಉತ್ಸವಕ್ಕೆ ತೋರುವ ಉತ್ಸಾಹದಲ್ಲಿ ಕಾಲುಭಾಗವನ್ನಾದರೂ ಜಿಲ್ಲಾಡಳಿತ ಉಳಿದ ದಿನಗಳಿಗೆ ಹಂಚಿದರೆ ಸಾಕು. ಮುಂದಿನ ಜೂನ್ 21ರಂದು ಎಷ್ಟು ಮಂದಿ ಸೇರಿದರೆಂಬುದರ ಜೊತೆಗೆ, ಎಷ್ಟು ಹಳ್ಳಿಗಳ ಕಟ್ಟೆಯಲ್ಲಿ ಹಿರಿಯರು ವರ್ಷವಿಡೀ ಅಭ್ಯಾಸ ಮಾಡಿದರೆಂಬ ಲೆಕ್ಕವನ್ನೂ ಜಿಲ್ಲಾಡಳಿತ ಜನರ ಮುಂದಿಡಲಿ. ನೆಲದ ಮೇಲೆ ಕೂತ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತಳೆಂದರೆ, ಆ ಮನೆಯ ಮಟ್ಟಿಗೆ ಅದಕ್ಕಿಂತ ದೊಡ್ಡ ಯೋಗ ದಿನವಿಲ್ಲ.